ಕತ್ತು ಹಿಡಿಯೋದು ಕಲಿತಿದ್ದಾನೆ, ಬಿಡೋದು ಇನ್ನೂ ಕಲಿತಿಲ್ಲ

ಪ್ರಶ್ನೆ: ನಾವು ದಾವಣಗೆರೆ ವಿನೋಬನಗರದವರು. ದೊಡ್ಡ ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ಆರು ತಿಂಗಳಿಂದ ಅವನಿಗೆ ಟಿವಿಯಲ್ಲಿ ಬರೋ ‘ದಿ ಅಲ್ಟಿಮೇಟ್ ಫೈಟರ್’ ಶೋ ಹುಚ್ಚು ಹಿಡಿದಿದೆ. ಸ್ಪರ್ಧಿಗಳನ್ನೆಲ್ಲ ಒಂದೇ ಮನೆಯಲ್ಲಿಟ್ಟು ಒಬ್ಬರ ಜೊತೆ ಒಬ್ಬರನ್ನು ಕಾದಾಡಿಸೋ ಶೋ ಅದು. ಹೊಸದಿರಲಿ ಹಳೇದಿರಲಿ, ರಾತ್ರಿ ಹನ್ನೊಂದಾದರೂ ಏಳಲ್ಲ. ನಮ್ಮನೆಯವರು “ಅದೆಲ್ಲ ನಾಟಕ, ನಾವೂ ಚಿಕ್ಕವರಿದ್ದಾಗ ಅಂಡರ್‌ಟೇಕರ್ ನೋಡಿದ್ವಿ, ಏನಾಯ್ತು?” ಅಂತಾರೆ. ನಮ್ಮ ಅತ್ತೆ “ಹೊಡೆದಾಟ ನೋಡಿ ನೋಡಿ ಹುಡುಗ ರೌಡಿ ಆಗ್ತಾನೆ, ಮೊದಲು ಕನೆಕ್ಷನ್ ತೆಗೆಸು” ಅಂತಾರೆ. ಹೋದ ವಾರ ತಮ್ಮನ ಕತ್ತನ್ನು ಹಿಂದಿನಿಂದ ತೋಳಿನಲ್ಲಿ ಬಿಗಿಹಿಡಿದ. ಚಿಕ್ಕವನಿಗೆ 11 ವರ್ಷ. ಒಂದೆರಡು ಕ್ಷಣ ಅವನ ಕಣ್ಣು ತೇಲಿತು, ಆಮೇಲೆ ಸರಿಹೋದ. ಇನ್ನೊಂದು ದಿನ ತೂಕ ಇಳಿಸ್ತೀನಿ ಅಂತ ದೊಡ್ಡವನು ಬೆಳಗಿಂದ ನೀರೇ ಕುಡಿಯಲಿಲ್ಲ. ಸ್ವೆಟರ್ ಮೇಲೆ ರೇನ್‌ಕೋಟ್ ಹಾಕ್ಕೊಂಡು ಮಟಮಟ ಮಧ್ಯಾಹ್ನ ತಾರಸಿ ಮೇಲೆ ಸ್ಕಿಪ್ಪಿಂಗ್ ಮಾಡಿದ. ಓದಿನಲ್ಲಿ ಹಿಂದಿಲ್ಲ, ಯಾರ ಜೊತೆಗೂ ಜಗಳಕ್ಕೆ ಹೋಗುವವನಲ್ಲ. “ನಾನೂ ಒಂದಿನ ಆ ಮನೆಗೆ ಹೋಗ್ತೀನಿ” ಅಂತಾನೆ. ಟಿವಿ ಬಂದ್ ಮಾಡ್ಲಾ, ಅಥವಾ ಕ್ಲಾಸಿಗೆ ಸೇರಿಸ್ಲಾ? ಏನು ಮಾಡಬೇಕೋ ತಿಳೀತಿಲ್ಲ.

ಉತ್ತರ: ತಾಯಿ, ಮೊದಲು ಚಿಕ್ಕವನ ವಿಷಯ. ಕಣ್ಣು ತೇಲಿತು ಅಂದರೆ ಆ ಹೊತ್ತಿಗೆ ಅವನ ಪ್ರಜ್ಞೆ ತಪ್ಪಿತ್ತು, ಇಲ್ಲವೇ ತಪ್ಪುವ ಹಂತಕ್ಕೆ ಬಂದಿತ್ತು. ಈಗ ಚೆನ್ನಾಗಿ ಓಡಾಡಿಕೊಂಡಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ನಡೆದದ್ದನ್ನು ಮುಚ್ಚಿಡದೆ ಹೇಳಿ. ಕತ್ತಿನ ಒಂದು ಬದಿ ನೋವು, ಒಂದೇ ಕಡೆ ತಲೆನೋವು, ಕಣ್ಣಿನ ರೆಪ್ಪೆ ಇಳಿಬೀಳೋದು, ಮಾತು ತೊದಲೋದು, ಒಂದು ಕೈಯಲ್ಲೋ ಕಾಲಲ್ಲೋ ಶಕ್ತಿ ಕಡಿಮೆಯಾಗೋದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕತ್ತಿನ ರಕ್ತನಾಳದ ಒಳಪದರ ಹರಿದಿದ್ದರೆ ಅದರ ಲಕ್ಷಣ ಅದೇ ದಿನ ಕಾಣಬೇಕು ಅಂತೇನಿಲ್ಲ. ಕೆಲವು ದಿನ ಬಿಟ್ಟೂ ಕಾಣಿಸಬಹುದು. ಹೀಗಾಗೋದು ಅಪರೂಪ. ಆದರೆ ಆದಾಗ ಪಾರ್ಶ್ವವಾಯುವಿನವರೆಗೆ ಹೋಗುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿದೆ.

ಈಗ ನಿಮ್ಮ ಚಿಂತೆಗೆ ಬರ್ತೀನಿ. ನಾನು ಕ್ರೀಡಾ ಗಾಯಗಳನ್ನು ನೋಡುವ ವೈದ್ಯ. ಅದಕ್ಕೂ ಮೊದಲು ಗರಡಿಯಲ್ಲಿ ಸಾಮು ಮಾಡಿದ ಹುಡುಗ. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದ ಪಕ್ಕದಲ್ಲಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೀನಿ. ಕೆಲವು ವರ್ಷಗಳಿಂದ ನನ್ನ ಹತ್ತಿರ ಬರುವ ಹುಡುಗರಲ್ಲಿ ಗರಡಿಯ ಮುಖವನ್ನೇ ನೋಡದವರು ಜಾಸ್ತಿ. ಪಟ್ಟುಗಳನ್ನೆಲ್ಲ ಟಿವಿಯಲ್ಲೋ ಫೋನಿನಲ್ಲೋ ಕಲಿತವರು. ನಿಮ್ಮನೆಯಲ್ಲಿ ಮೂರು ಜನ ಮೂರು ಮಾತು ಹೇಳ್ತಿದ್ದೀರಿ. ಯಜಮಾನರಿಗೆ ಇದು ನಾಟಕ, ಅತ್ತೆಯವರಿಗೆ ಇದು ರೌಡಿತನದ ಪಾಠ, ನಿಮಗೆ ಹೆಸರಿಲ್ಲದ ಒಂದು ಭಯ. ನನ್ನ ಲೆಕ್ಕದಲ್ಲಿ ನಿಮ್ಮ ಭಯವೇ ಸರಿಯಾದ ಜಾಗದಲ್ಲಿದೆ. ಹುಡುಗ ನೋಡುವ ಗುದ್ದಾಟಕ್ಕಿಂತ, ನೋಡಿ ಮನೆಯಲ್ಲಿ ಮಾಡಿದ ಆ ಎರಡು ಕೆಲಸಗಳೇ ಅಪಾಯ. ಒಂದು ಕತ್ತು ಹಿಡಿದದ್ದು, ಇನ್ನೊಂದು ನೀರು ಬಿಟ್ಟದ್ದು.

ಇದು ನಾಟಕವಾ? ಅಲ್ಲ. ಯಜಮಾನರು ನೆನಪಿಸಿಕೊಂಡ ಅಂಡರ್‌ಟೇಕರ್ ಕಾಲದ ಡಬ್ಲ್ಯೂಡಬ್ಲ್ಯೂಎಫ್ ಅನ್ನೋ ಟಿವಿ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತಿತ್ತು. ನಾವೆಲ್ಲ ಆ ಕಾರ್ಡುಗಳನ್ನು ಇಟ್ಟುಕೊಂಡು ಆಡಿದವರೇ. ಈ ಶೋ ಬೇರೆ ಜಾತಿಯದು. ಕುಸ್ತಿ, ಬಾಕ್ಸಿಂಗ್, ಜೂಡೋ, ಜುಜುತ್ಸು, ಕಿಕ್ ಬಾಕ್ಸಿಂಗ್ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ. ಇಲ್ಲಿ ಬೀಳುವ ಹೊಡೆತ ನಿಜ, ಸೋಲು ಗೆಲುವೂ ನಿಜ.

ಆದರೆ ಯಜಮಾನರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಹೊಡೆದಾಟ ನಿಜವಾದರೂ ಅದರ ಸುತ್ತ ಕಟ್ಟಿದ ಮನೆ ಟಿವಿಗಾಗಿಯೇ ಕಟ್ಟಿದ್ದು. ಈ ಶೋ ನಡೆಸೋದು ಎಂಎಂಎ ಪಂದ್ಯ ಏರ್ಪಡಿಸುವ ಯುಎಫ್‌ಸಿ ಅನ್ನೋ ಸಂಸ್ಥೆ. ಅದರ ಮೊದಲ ಪಂದ್ಯ ನಡೆದದ್ದು 1993ರ ನವೆಂಬರ್‌ನಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಆಗ ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಅನ್ನೋದು ಬಿಟ್ಟರೆ ಹೆಚ್ಚು ಕಟ್ಟುಪಾಡು ಇರಲಿಲ್ಲ. ತೂಕದ ವಿಭಾಗವೂ ಇರಲಿಲ್ಲ. ಜಾನ್ ಮೆಕೇನ್ ಅನ್ನೋ ಸೆನೆಟರ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದರು. ಹಲವು ರಾಜ್ಯಗಳು ನಿಷೇಧ ಹಾಕಿದವು. ಆಮೇಲೆ ತೂಕದ ವಿಭಾಗ ಬಂತು, ಕೈಗವಸು ಬಂತು. 2000-01ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮ ಬಂತು. ಆದರೂ ಜನ ಹತ್ತಿರ ಬರಲಿಲ್ಲ, ಸಂಸ್ಥೆ ನಷ್ಟದಲ್ಲೇ ಇತ್ತು. ಕೊನೆಗೆ ತಮ್ಮದೇ ದುಡ್ಡು ಹಾಕಿ 2005ರ ಜನವರಿಯಲ್ಲಿ ಈ ಶೋ ಶುರು ಮಾಡಿದರು. 16 ಜನ ಸ್ಪರ್ಧಿಗಳು, ಲಾಸ್ ವೇಗಸ್‌ನಲ್ಲಿ ಒಂದು ಮನೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಫೈನಲ್. ಫಾರೆಸ್ಟ್ ಗ್ರಿಫಿನ್, ಸ್ಟೀಫನ್ ಬೊನ್ನರ್ ಇಬ್ಬರೂ ಮೂರು ಸುತ್ತು ಒಂದಿಂಚೂ ಬಿಟ್ಟುಕೊಡದೆ ಕಾದಾಡಿದರು. ಗೆದ್ದದ್ದು ಗ್ರಿಫಿನ್, ಆದರೆ ಯುಎಫ್‌ಸಿಯಲ್ಲಿ ಆಡುವ ಒಪ್ಪಂದ ಇಬ್ಬರಿಗೂ ಸಿಕ್ಕಿತು. ಆ ಒಂದು ರಾತ್ರಿ ಈ ಆಟದ ಹಣೆಬರಹವನ್ನೇ ಬದಲಿಸಿತು ಅಂತ ಇವತ್ತಿಗೂ ಹೇಳ್ತಾರೆ.

ಅಂದರೆ ಜನರಿಗೆ ಆಟವನ್ನು ಹತ್ತಿರ ಮಾಡೋದಕ್ಕೇ ಹುಟ್ಟಿದ ಶೋ ಇದು. ಅದಕ್ಕೆ ಬೇಕಾದ ಹಾಗೆ ಮನೆಯನ್ನೂ ಸಜ್ಜು ಮಾಡಿದ್ದಾರೆ. ಸುಮಾರು ಆರು ವಾರ ಫೋನಿಲ್ಲ, ಟಿವಿ ಇಲ್ಲ, ಓದಲು ಪುಸ್ತಕವಿಲ್ಲ, ಮನೆಯವರ ದನಿಯಿಲ್ಲ. ಕ್ಯಾಮೆರಾ ಮಾತ್ರ ಇಪ್ಪತ್ನಾಲ್ಕು ಗಂಟೆ. ಕುಡಿಯಲು ಮದ್ಯವನ್ನೂ ಇಡುತ್ತಿದ್ದರು. ನಾಳೆ ಯಾರ ಜೊತೆ ಕಾದಾಡಬೇಕೋ ಅವನ ಜೊತೆಗೇ ಇವತ್ತು ಒಂದೇ ಅಡುಗೆಮನೆಯಲ್ಲಿ ಊಟ. ಯಾವ ಮನುಷ್ಯನಾದರೂ ಸಿಡಿಯಲೇಬೇಕಲ್ವಾ? ಮೊದಲ ಸೀಸನ್‌ನಲ್ಲೇ ಕುಡಿದು ಬಾಗಿಲು ಒಡೆದ ಪ್ರಸಂಗ ನಡೆಯಿತು. ಅಲ್ಲಿ ಕಾಣುವ ಕೂಗಾಟ, ಬೈಗುಳ ಆಟದ ಸ್ವಭಾವ ಅಲ್ಲ, ಆ ಮನೆಯ ಸ್ವಭಾವ. ಇದನ್ನು ನಿಮ್ಮ ಮಗನಿಗೆ ಬಿಡಿಸಿ ಹೇಳಬೇಕು. ಇನ್ನೊಂದು ವಿಷಯ ಅವನಿಗೆ ಗೊತ್ತಿದೆಯೋ ಇಲ್ಲವೋ. ಆ ಶೋನ ನಡುವೆ ನಡೆಯುವ ಪಂದ್ಯಗಳು ಪ್ರದರ್ಶನ ಪಂದ್ಯಗಳು. ಫೈನಲ್‌ಗೆ ಮೊದಲಿನ ಸೋಲು ಗೆಲುವು ಸ್ಪರ್ಧಿಯ ಅಧಿಕೃತ ದಾಖಲೆಗೆ ಸೇರುವುದಿಲ್ಲ.

ಅತ್ತೆಯವರ ಮಾತಿಗೆ ಬರೋಣ. ನೋಡಿದರೆ ರೌಡಿ ಆಗ್ತಾನಾ? 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡುರಾ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯೋದನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಆಮೇಲೆ ಮಕ್ಕಳನ್ನು ಅದೇ ಗೊಂಬೆ ಇದ್ದ ಕೋಣೆಗೆ ಬಿಟ್ಟರು. ದೊಡ್ಡವರು ಹೊಡೆದ ಹಾಗೇ ಹೊಡೆದರು, ಅವರು ಆಡಿದ ಮಾತನ್ನೇ ಆಡಿದರು. ಅದರಿಂದ ಆ ಮಕ್ಕಳು ದೊಡ್ಡವರಾದ ಮೇಲೆ ಗೂಂಡಾಗಳಾದರು ಅಂತ ಯಾರೂ ಹೇಳಿಲ್ಲ. ಆದರೆ ಮಕ್ಕಳು ಕಂಡದ್ದನ್ನು ಕಂಡ ಹಾಗೇ ಮಾಡ್ತಾರೆ ಅನ್ನೋದು ಗಟ್ಟಿಯಾಯಿತು. ನನ್ನ ಅನುಭವವೂ ಅದೇ. ಈ ಆಟ ನೋಡುವ ಹುಡುಗರಲ್ಲಿ ಬೀದಿ ಜಗಳಕ್ಕೆ ಇಳಿದವರನ್ನು ನಾನು ಕಂಡಿದ್ದು ಕಡಿಮೆ. ಪ್ರೀತಿಯ ತಮ್ಮನ ಮೇಲೆ, ಜೀವದ ಗೆಳೆಯನ ಮೇಲೆ, ಆಟಕ್ಕೆ ಅಂತ ಪಟ್ಟು ಹಾಕಿ ಅನಾಹುತ ಮಾಡಿಕೊಂಡವರೇ ಜಾಸ್ತಿ. ನಿಮ್ಮ ಮಗನಿಗೆ ತಮ್ಮನ ಮೇಲೆ ಕೋಪ ಇರಲಿಲ್ಲ. ಅದಕ್ಕೇ ನನಗೆ ಇದು ಹೆಚ್ಚು ಚಿಂತೆ. ಕೋಪ ಇದ್ದಿದ್ದರೆ ನೀವು ಮೊದಲೇ ನೋಡಿ ತಡೆಯುತ್ತಿದ್ದಿರಿ.

ಆ ಪಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಿಂದಿನಿಂದ ತೋಳು ಸುತ್ತಿ ಹಿಡಿಯುವ ಆ ಪಟ್ಟಿಗೆ ರಿಯರ್ ನೇಕೆಡ್ ಚೋಕ್ ಅಂತಾರೆ. ನೋಡಿದವರಿಗೆ ಉಸಿರು ಕಟ್ಟಿಸುತ್ತಿದ್ದಾರೆ ಅನಿಸುತ್ತದೆ. ಸರಿಯಾಗಿ ಹಾಕಿದರೆ ಅದು ಉಸಿರನ್ನು ಕಟ್ಟಿಸೋದೇ ಇಲ್ಲ. ಕತ್ತಿನ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ತೋಳಿನ ಮೇಲ್ಭಾಗ ಒಂದು ಬದಿ, ಮುಂಗೈ ಇನ್ನೊಂದು ಬದಿ ಒತ್ತಿ ಆ ನಾಳಗಳನ್ನು ಮುಚ್ಚುತ್ತದೆ. ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಉಸಿರು ಬಿಗಿಹಿಡಿದು ಒಂದು ನಿಮಿಷ ಇರಬಲ್ಲೆ ಅನ್ನೋ ಹುಡುಗನಿಗೆ ಇಲ್ಲಿ ಆ ಒಂದು ನಿಮಿಷ ಸಿಗೋದಿಲ್ಲ. ದೊಡ್ಡ ನೋವೂ ಇರಲ್ಲ. ಮುಖ ಬಿಸಿಯಾಗುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಅಷ್ಟೇ. “ನೋವಾದರೆ ಹೇಳ್ತಾನೆ ಬಿಡು” ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಹೇಳೋ ಹೊತ್ತಿಗೆ ಅವನೇ ಅಲ್ಲಿರಲ್ಲ.

ಪಳಗಿದವರು ಇದನ್ನು ವರ್ಷಗಟ್ಟಲೆ ದಿನವೂ ಅಭ್ಯಾಸ ಮಾಡಿ ಆರಾಮಾಗಿ ಮನೆಗೆ ಹೋಗ್ತಾರೆ, ಅದೂ ನಿಜ. ಅವರನ್ನು ಕಾಯೋದು ಮೂರು ವಿಷಯ. ಒಂದು, ಟ್ಯಾಪ್. ಎದುರಾಳಿಯ ಮೈಗೋ ನೆಲಕ್ಕೋ ಎರಡು ಮೂರು ಸಲ ತಟ್ಟೋದು, ಸಾಕು ಬಿಡು ಅಂತ. ಒಳ್ಳೆಯ ಜಾಗದಲ್ಲಿ ಪಟ್ಟು ಕಲಿಸುವ ಮೊದಲೇ ಟ್ಯಾಪ್ ಕಲಿಸ್ತಾರೆ. ತಟ್ಟಿದ್ದು ಗೊತ್ತಾದ ಕ್ಷಣಕ್ಕೇ ಬಿಡೋದನ್ನೂ ಕಲಿಸ್ತಾರೆ. ಎರಡು, ಪಕ್ಕದಲ್ಲಿ ನೋಡುತ್ತಾ ನಿಂತ ಗುರುವೋ ರೆಫರಿಯೋ. ತಟ್ಟಲು ಆಗದಷ್ಟು ಬೇಗ ಪ್ರಜ್ಞೆ ಹೋದರೆ ಕೈ ಜೋತುಬಿದ್ದದ್ದನ್ನು ನೋಡಿ ಬಿಡಿಸುವವನು ಅವನು. ಮೂರು, ಜೋಡಿ. ಸಮ ತೂಕ, ಸಮ ವಯಸ್ಸು, ಸಮ ಅನುಭವ ಇದ್ದವರನ್ನೇ ಜೋಡಿ ಕಟ್ಟೋದು. ಜಾತ್ರೆ ಕುಸ್ತಿಯಲ್ಲೂ ಹಿರಿಯರು ಮೈಕಟ್ಟು ನೋಡಿಯೇ ಜೋಡಿ ಕಟ್ಟುತ್ತಿದ್ದರು. ನಿಮ್ಮ ಮನೆಯ ಹಾಲಿನಲ್ಲಿ ಈ ಮೂರೂ ಇರಲಿಲ್ಲ. 15ರ ಹುಡುಗ, 11ರ ಹುಡುಗ. ತಮ್ಮನಿಗೆ ತಟ್ಟಬೇಕು ಅನ್ನೋದೇ ಗೊತ್ತಿಲ್ಲ. ಅಣ್ಣನಿಗೆ ಯಾವಾಗ ಬಿಡಬೇಕು ಗೊತ್ತಿಲ್ಲ.

ಇನ್ನೊಂದು ಮಾತು. ನಮ್ಮ ಕುಸ್ತಿಯಲ್ಲಿ ಕತ್ತು ಹಿಸುಕೋದು ನಿಷಿದ್ಧ. ಬರೀ ತಲೆಯನ್ನು ಬಿಗಿದು ಹಿಡಿಯೋ ಹಾಗಿಲ್ಲ, ಎದುರಾಳಿಯ ಒಂದು ತೋಳೂ ಹಿಡಿತದಲ್ಲಿ ಸೇರಿರಬೇಕು. ನಮ್ಮ ಉಸ್ತಾದರು ಕತ್ತಿಗೆ ಕೈ ಹೋದರೆ ಸಾಕು, ಕಣದಿಂದ ಎಬ್ಬಿಸಿ ನೂರು ಬಸ್ಕಿ ಹೊಡೆಸುತ್ತಿದ್ದರು. ಆಗ ಯಾಕೆ ಅಂತ ಗೊತ್ತಿರಲಿಲ್ಲ. ವೈದ್ಯಕೀಯ ಓದುವಾಗ ಕತ್ತಿನ ರಕ್ತನಾಳಗಳ ಪಾಠ ಬಂದ ದಿನ ಗೊತ್ತಾಯಿತು.

ಇನ್ನು ನೀರು ಬಿಟ್ಟ ವಿಷಯ. ಇದನ್ನು ಮನೆಯವರು ಹಗುರವಾಗಿ ತೆಗೆದುಕೊಳ್ತಾರೆ, ಹುಡುಗ ಬೆವರು ಸುರಿಸ್ತಿದ್ದಾನೆ, ಒಳ್ಳೇದೇ ಅಂತ. ಕತ್ತಿನ ಪಟ್ಟಿನಷ್ಟೇ ಹೆದರಬೇಕಾದದ್ದು ಇದಕ್ಕೆ. ಶೋನಲ್ಲಿ ತೂಕ ನೋಡುವ ದೃಶ್ಯ ಬರುತ್ತದೆ. ಸ್ಪರ್ಧಿಗಳು ಬಿಸಿ ಕೋಣೆಯಲ್ಲಿ ಕೂತು, ಪ್ಲಾಸ್ಟಿಕ್ ಬಟ್ಟೆ ಹಾಕಿ ಓಡಿ, ಉಗುಳಿ, ಕೊನೆಗೆ ತಕ್ಕಡಿ ಮೇಲೆ ನಿಂತು ಮುಷ್ಟಿ ಎತ್ತುತ್ತಾರೆ. ಹುಡುಗರ ಕಣ್ಣಿಗೆ ಅದು ಶೌರ್ಯ. ಅಸಲು ಲೆಕ್ಕ ಏನೆಂದರೆ, ಅವರು ಇಳಿಸುತ್ತಿರೋದು ಕೊಬ್ಬನ್ನಲ್ಲ, ನೀರನ್ನು. ತಮಗಿಂತ ಕೆಳಗಿನ ತೂಕದ ವಿಭಾಗಕ್ಕೆ ಒಂದು ಗಳಿಗೆ ಇಳಿದು, ತೂಕ ಆದ ತಕ್ಷಣ ನೀರು, ಉಪ್ಪು, ಅನ್ನ ತುಂಬಿಕೊಂಡು ಮಾರನೇ ದಿನ ಮತ್ತೆ ಭಾರವಾಗಿ ಕಣಕ್ಕೆ ಇಳಿಯೋ ಲೆಕ್ಕ. ಆ ತುಂಬಿಕೊಳ್ಳೋ ಭಾಗವನ್ನು ಟಿವಿ ಅಷ್ಟಾಗಿ ತೋರಿಸಲ್ಲ, ನೋಡೋದಕ್ಕೆ ಅದರಲ್ಲಿ ಏನೂ ಮಜಾ ಇಲ್ಲ. ಹುಡುಗ ಅರ್ಧ ಮಾತ್ರ ಕಲಿತ.

1997ರ ನವೆಂಬರ್, ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಪೈಲ್ವಾನರು ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಮೂವರೂ ಮಾಡುತ್ತಿದ್ದದ್ದು ನಿಮ್ಮ ಮಗ ತಾರಸಿ ಮೇಲೆ ಮಾಡಿದ್ದನ್ನೇ. ಗಾಳಿಯಾಡದ ಬಟ್ಟೆ, ಬಿಸಿ, ನೀರಿಲ್ಲದ ವ್ಯಾಯಾಮ. ಆ ಸಾವುಗಳಾದ ಮೇಲೆ ಅಲ್ಲಿನ ಕಾಲೇಜು ಕುಸ್ತಿಯ ನಿಯಮಗಳೇ ಬದಲಾದವು. 2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಅನ್ನೋ 21 ವರ್ಷದ ಎಂಎಂಎ ಸ್ಪರ್ಧಿ ಪಂದ್ಯಕ್ಕೆ ಮೊದಲು ಹೀಗೇ ತೂಕ ಇಳಿಸುವಾಗ ತೀರಿಕೊಂಡ. ಅದಾದ ಮೇಲೆ ಆ ಪಂದ್ಯ ಏರ್ಪಡಿಸಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಬತ್ತಿಸಿ ತೂಕ ಇಳಿಸೋದನ್ನೇ ನಿಷೇಧಿಸಿತು. ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ನೀರು ಸಾಕಷ್ಟಿದೆಯೋ ಇಲ್ಲವೋ ನೋಡ್ತಾರೆ. ನಮ್ಮವರ ಕತೆ ನಿಮಗೇ ಗೊತ್ತು. 2024ರ ಆಗಸ್ಟ್, ಪ್ಯಾರಿಸ್. ವಿನೇಶ್ ಫೋಗಟ್ ಫೈನಲ್ ತಲುಪಿದ್ದರು. ರಾತ್ರಿಯಿಡೀ ಬೆವರು ಹರಿಸಿದರು, ಕೂದಲು ಕತ್ತರಿಸಿದರು, ಆದರೂ 50 ಕೆಜಿಗೆ 100 ಗ್ರಾಂ ಜಾಸ್ತಿ ಬಂತು. ಜಗತ್ತಿನ ಒಳ್ಳೆಯ ವೈದ್ಯರು ಪಕ್ಕದಲ್ಲಿದ್ದಾಗಲೇ ಅಷ್ಟು ಕಷ್ಟ ಅದು.

ಮೈಯೊಳಗೆ ಏನಾಗುತ್ತದೆ ಅಂದರೆ, ಬೆವರು ಮೈ ತಂಪು ಮಾಡೋದು ಆರಿದಾಗ. ರೇನ್‌ಕೋಟ್ ಒಳಗೆ ಅದು ಆರೋದಿಲ್ಲ. ಮೈಯ ಬಿಸಿ ಏರುತ್ತಲೇ ಹೋಗುತ್ತದೆ. ನೀರು ಕಡಿಮೆಯಾದ ರಕ್ತವನ್ನು ತಳ್ಳಲು ಹೃದಯ ಜಾಸ್ತಿ ದುಡಿಯಬೇಕು. ಲವಣಗಳ ಲೆಕ್ಕ ತಪ್ಪಿದರೆ ಹೃದಯದ ಬಡಿತದ ಲಯವೇ ತಪ್ಪಬಹುದು. ಕಿಡ್ನಿಗೂ ಏಟು. ನಮ್ಮ ದಾವಣಗೆರೆ, ಚಿತ್ರದುರ್ಗದ ಬೇಸಿಗೆ ಮಧ್ಯಾಹ್ನ, ಅದೂ ಕಾದ ತಾರಸಿ ಮೇಲೆ, ಇದು ಜೀವಕ್ಕೆ ಬರಲು ಗಂಟೆಗಟ್ಟಲೆ ಬೇಕಾಗಿಲ್ಲ. ಇನ್ನೊಮ್ಮೆ ಹೀಗೇನಾದರೂ ಕಂಡರೆ, ಮಗ ತಡವರಿಸಿ ಮಾತಾಡಿದರೆ, ವಾಂತಿ ಮಾಡಿದರೆ, ಗೊಂದಲಕ್ಕೆ ಬಿದ್ದರೆ, ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಇದನ್ನು ಅವನಿಗೆ ಹೇಗೆ ಹೇಳೋದು? ಬೈದರೆ ಆಗಲ್ಲ, ತೋರಿಸಬೇಕು. ಒಂದು ಸಂಜೆ ಆಡೋದಕ್ಕೆ ಹೋಗುವ ಮೊದಲು ತೂಕ ನೋಡಿಸಿ, ಬಂದ ಮೇಲೆ ನೋಡಿಸಿ. ಅರ್ಧ ಕೆಜಿ ಕಡಿಮೆ ಬಂದಿರಬಹುದು. ಆಮೇಲೆ ಎರಡು ಲೋಟ ಮಜ್ಜಿಗೆ ಕೊಡಿ, ಮತ್ತೆ ತಕ್ಕಡಿ ಹತ್ತಿಸಿ. ಇಳಿದಿದ್ದು ಏನು ಅಂತ ಅವನಿಗೇ ಗೊತ್ತಾಗುತ್ತದೆ. ಜೊತೆಗೆ ಇದನ್ನೂ ಹೇಳಿ: 15 ವರ್ಷ ಅಂದರೆ ಮೂಳೆ ಉದ್ದ ಆಗುವ ಕಾಲ. ಈ ವಯಸ್ಸಿನಲ್ಲಿ ತೂಕ ಏರಬೇಕು. ಏರದಿದ್ದರೆ ನಾನು ಚಿಂತೆ ಮಾಡ್ತೀನಿ.

ಗುದ್ದಾಟದ ಬಗ್ಗೆ ನಾಲ್ಕೇ ಮಾತು. ಆ ತೆಳು ಕೈಗವಸು ಸುಮಾರು 4 ಔನ್ಸಿನದು. ಹೊಡೆಯುವವನ ಮುಷ್ಟಿ ಕಾಯಲು ಇರೋದು, ಎದುರಾಳಿಯ ತಲೆ ಕಾಯಲು ಅಲ್ಲ. ಬಾಕ್ಸಿಂಗ್‌ನ ತಲೆಗವಸು ಚರ್ಮ ಸೀಳೋದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗೋದನ್ನು ತಡೆಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಮಕ್ಕಳಿಗೆ, ಹದಿಹರೆಯದವರಿಗೆ ಬಾಕ್ಸಿಂಗ್ ಬೇಡ ಅಂತ ಹೇಳಿದೆ. ಕಾರಣ ತಲೆಗೆ ಬೀಳೋ ಏಟು. ನನ್ನ ನಿಲುವೂ ಅದೇ: 18ರ ಒಳಗೆ ತಲೆಗೆ ಗುದ್ದುವ ಅಭ್ಯಾಸ ಬೇಡವೇ ಬೇಡ. ಯಾವತ್ತಾದರೂ ಏಟು ಬಿದ್ದು ತಲೆನೋವು, ವಾಂತಿ, ಮಂಕು, ಬೆಳಕು ಕಂಡರೆ ಕಿರಿಕಿರಿ, ಹೇಳಿದ್ದನ್ನೇ ಹೇಳೋದು ಕಂಡರೆ ಆ ದಿನ ಆಟ ಮುಗಿಯಿತು. ಡಾಕ್ಟರ್ ಸರಿ ಅನ್ನುವವರೆಗೆ ಕಣಕ್ಕೆ ಇಳಿಯಬಾರದು. ಮೊದಲ ಏಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಪ್ರಾಣಕ್ಕೇ ಕುತ್ತು.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ.

ಟಿವಿ ಬಂದ್ ಮಾಡಬಹುದು. ಮನೆ ನಿಮ್ಮದು, ಹಕ್ಕೂ ನಿಮ್ಮದು. ಆದರೆ ಶೋ ಟಿವಿಯಲ್ಲಿ ಮಾತ್ರ ಇಲ್ಲ. ಗೆಳೆಯನ ಫೋನಿನಲ್ಲಿ ಸಿಗುವ ತುಣುಕು ಮೂವತ್ತು ಸೆಕೆಂಡಿನದು. ಅದರಲ್ಲಿ ಪಟ್ಟು ಇರುತ್ತದೆ, ಟ್ಯಾಪ್ ಆದ ಮೇಲೆ ಬಿಟ್ಟದ್ದು, ವೈದ್ಯರು ಓಡಿ ಬಂದದ್ದು, ಸೋತವನನ್ನು ಗೆದ್ದವನು ತಬ್ಬಿದ್ದು ಇರಲ್ಲ. ಇಡೀ ಕಂತು ನೋಡೋದು ಆ ತುಣುಕಿಗಿಂತ ಎಷ್ಟೋ ಮೇಲು. ಹತ್ತನೇ ಕ್ಲಾಸು ಅಂತ ಹೊತ್ತಿನ ಮಿತಿ ಹಾಕಿ, ರಾತ್ರಿ ಹತ್ತರ ಮೇಲೆ ಬೇಡ ಅನ್ನಿ. ಅದು ನ್ಯಾಯ, ಅವನೂ ಒಪ್ಪುತ್ತಾನೆ. ವಾರಕ್ಕೆ ಒಂದೋ ಎರಡೋ ಕಂತು ಸಾಕು.

ಆದರೆ ಆ ಒಂದೋ ಎರಡೋ ಕಂತನ್ನು ಅವನ ಪಕ್ಕದಲ್ಲಿ ಕೂತು ನೋಡಿ. ಯಜಮಾನರೇ ಕೂತರೆ ಇನ್ನೂ ಒಳ್ಳೇದು, ಅಂಡರ್‌ಟೇಕರ್ ಕಾಲದವರಿಗೆ ಇದು ಹಿಡಿಸುತ್ತದೆ. ಹೀಯಾಳಿಸದೆ, ಅವನ ಹತ್ತಿರ ಕಲಿಯೋ ಹಾಗೆ ಕೇಳಿ. “ಈಗ ರೆಫರಿ ಯಾಕೆ ಅಷ್ಟು ಹತ್ತಿರ ಬಗ್ಗಿದ? ಅವನು ಏನು ನೋಡ್ತಿದ್ದಾನೆ?” ಅಂತ. ಪಟ್ಟು ಬಿದ್ದಾಗ ಕತ್ತು ನೋಡಬೇಡ, ಸೋಲುವವನ ಕೈ ನೋಡು ಅನ್ನಿ. ಎಷ್ಟು ಬೇಗ ತಟ್ಟಿದ ಅಂತ ಲೆಕ್ಕ ಹಾಕಿಸಿ. ಒಳ್ಳೊಳ್ಳೆಯ ಚಾಂಪಿಯನ್ನರು ಬಹಳ ಬೇಗ ತಟ್ಟುತ್ತಾರೆ, ನಾಳೆಯೂ ಅಭ್ಯಾಸಕ್ಕೆ ಬರಬೇಕು ಅಂತ ಅವರಿಗೆ ಗೊತ್ತು. ಒಂದು ನಿಮಿಷದ ಹಾಡಿನ ಜೊತೆ ತೋರಿಸುವ ತಾಲೀಮಿನ ದೃಶ್ಯ ಬಂದಾಗ, ಇದು ನಿಜಕ್ಕೂ ಎಷ್ಟು ದಿನದ್ದು ಅಂತ ಕೇಳಿ. ಯಾರಾದರೂ ಗಾಯವಾಗಿ ಮನೆಗೆ ಹೋದರೆ ಅವನ ಹೆಸರು ಬರೆದಿಟ್ಟುಕೊಳ್ಳಲಿ, ಆಮೇಲೆ ಅವನು ಏನಾದ ಅಂತ ಹುಡುಕಲಿ. ಹೀಗೆ ನಾಲ್ಕು ಕಂತು ನೋಡಿದ ಹುಡುಗ ಆಟವನ್ನು ಬೇರೆ ಕಣ್ಣಿಂದ ನೋಡ್ತಾನೆ. ಇದನ್ನು ಬಾಯಿ ಮಾತಿಗೆ ಹೇಳ್ತಿಲ್ಲ, ನನ್ನ ಅಣ್ಣನ ಮಗನ ಜೊತೆ ಹೀಗೇ ಕೂತು ನೋಡಿದ್ದೀನಿ.

ಅವನ ಕನಸಿನ ವಿಷಯ. “ಆ ಮನೆಗೆ ಹೋಗ್ತೀನಿ” ಅಂದರೆ ನಗಬೇಡಿ. ದಾರಿ ತೋರಿಸಿ. ಕಮರು ಉಸ್ಮಾನ್ ಅನ್ನೋ ಹೆಸರು ಅವನಿಗೆ ಗೊತ್ತೇ ಇರುತ್ತದೆ. ಉಸ್ಮಾನ್ 2010ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ತನ್ನ ವಿಭಾಗದ ಚಾಂಪಿಯನ್. ಈ ಶೋ ಗೆದ್ದದ್ದು 2015ರಲ್ಲಿ. ಯುಎಫ್‌ಸಿ ಚಾಂಪಿಯನ್ ಬೆಲ್ಟ್ ಕಟ್ಟಿದ್ದು 2019ರಲ್ಲಿ. ಕುಸ್ತಿಯಿಂದ ಬೆಲ್ಟಿಗೆ ಒಂಬತ್ತು ವರ್ಷ, ಕುಸ್ತಿ ಕಲಿತ ವರ್ಷಗಳು ಬೇರೆ. ಹೆನ್ರಿ ಸೆಹುಡೋ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಚಿನ್ನ ಗೆದ್ದು ಹತ್ತು ವರ್ಷದ ಮೇಲೆ ಯುಎಫ್‌ಸಿ ಚಾಂಪಿಯನ್ ಆದವರು. ಮೊದಲ ಸೀಸನ್‌ನ ಕೋಚ್ ರ‍್ಯಾಂಡಿ ಕೂಟೂರ್ ಕೂಡ ಪೈಲ್ವಾನರೇ. ನಮ್ಮ ದೇಶದವರೂ ಇದ್ದಾರೆ. ಭರತ್ ಖಂಡಾರೆ 2017ರಲ್ಲಿ ಯುಎಫ್‌ಸಿ ಕಣಕ್ಕೆ ಇಳಿದರು. ಅಂಶುಲ್ ಜುಬ್ಲಿ 2023ರಲ್ಲಿ ‘ರೋಡ್ ಟು ಯುಎಫ್‌ಸಿ’ ಅನ್ನೋ ಅರ್ಹತಾ ಸ್ಪರ್ಧೆ ಗೆದ್ದು ಒಪ್ಪಂದ ಪಡೆದರು. ವುಶು ಅನ್ನೋ ಚೀನಾದ ಸಮರ ಕಲೆ ಆಡಿ ಬಂದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಅಲ್ಲಿ ಪಂದ್ಯ ಗೆದ್ದರು. ಸುನೀಲ್ ಶೆಟ್ಟಿ ನಡೆಸಿಕೊಟ್ಟ ‘ಕುಮಿಟೆ 1 ವಾರಿಯರ್ ಹಂಟ್’ ಅನ್ನೋ ಎಂಎಂಎ ಶೋ 2023ರಲ್ಲಿ ನಮ್ಮಲ್ಲೇ ಬಂತು. ಅಂದರೆ ದಾರಿ ಇದೆ. ಆದರೆ ಆ ದಾರಿ ಶುರುವಾಗೋದು ಕುಸ್ತಿ, ಜೂಡೋ, ಬಾಕ್ಸಿಂಗ್, ವುಶು ಯಾವುದಾದರೂ ಒಂದನ್ನು ವರ್ಷಗಟ್ಟಲೆ ಕಲಿತ ಮೇಲೆ. ಮೊದಲ ಸೀಸನ್‌ನಲ್ಲಿ 16 ಜನ ಬಂದರು, ಎರಡು ತೂಕದ ವಿಭಾಗ ಸೇರಿ ಗೆದ್ದವರು ಇಬ್ಬರು. ಉಳಿದವರಲ್ಲಿ ಎಷ್ಟೋ ಜನರಿಗೆ ಇದು ಹೊಟ್ಟೆಪಾಡಾಗಲಿಲ್ಲ, ಅದನ್ನೂ ಮುಚ್ಚಿಡಬೇಡಿ. ಎಂಎಂಎ ಒಲಿಂಪಿಕ್ಸ್‌ನಲ್ಲಿ ಇಲ್ಲ. ಕುಸ್ತಿ, ಜೂಡೋ, ಬಾಕ್ಸಿಂಗ್ ಇವೆ. ಶಾಲೆ, ಕಾಲೇಜು, ರಾಜ್ಯಮಟ್ಟದ ಪಂದ್ಯಗಳ ಮೆಟ್ಟಿಲು ಈ ಆಟಗಳಿಗೆ ಇದೆ.

ಹಾಗಾಗಿ ನನ್ನನ್ನು ಕೇಳಿದರೆ, ಅವನನ್ನು ಕುಸ್ತಿಗೆ ಬಿಡಿ. ನಮ್ಮ ಊರು ಮೊದಲಿಂದಲೂ ಕುಸ್ತಿಯ ಊರು. ಚಿತ್ರದುರ್ಗದ ಕಲ್ಲಿನ ಕೋಟೆಯೊಳಗೆ ಕೂಡ ಗರಡಿ ಮನೆ ಇದೆ, ಒಂದು ಭಾನುವಾರ ಇಬ್ಬರನ್ನೂ ಕರ್ಕೊಂಡು ಹೋಗಿ ತೋರಿಸಿ. ಅಲ್ಲಿ ನಿಂತು ಮಾತಾಡಿದರೆ ಮಕ್ಕಳ ಮನಸ್ಸಿಗೆ ಇಳಿಯೋದೇ ಬೇರೆ. ಗರಡಿಯಲ್ಲಿ ಮೊದಲ ತಿಂಗಳುಗಳು ಬೇಸರ ಬರಬಹುದು. ಮಟ್ಟಿ ಅಗೆಯೋದು, ದಂಡ, ಬಸ್ಕಿ, ಬೀಳೋದು, ಮತ್ತೆ ಬೀಳೋದು. ಹೇಗೆ ಬೀಳಬೇಕು ಅನ್ನೋದು ಮೈಗೆ ಹತ್ತಿದ ಮೇಲೇ ಪಟ್ಟು. ನಿಮ್ಮ ಮಗನಿಗೆ ಈಗ ಬೇಕಾಗಿರೋದು ಅದೇ. ಕುಸ್ತಿಯಲ್ಲೂ ಗಾಯ ಇಲ್ಲವೆಂದಲ್ಲ. ಮಂಡಿ, ಹೆಗಲು ಉಳುಕುತ್ತವೆ. ಉಜ್ಜಿ ಉಜ್ಜಿ ಕಿವಿ ಊದಿ ಹೂಕೋಸಿನ ಹಾಗೆ ಗಟ್ಟಿಯಾಗುತ್ತದೆ. ಊದಿದ ದಿನವೇ ತೋರಿಸಿದರೆ ಉಳಿಸಬಹುದು. ಹುಳಕಡ್ಡಿ ಅಂಟುತ್ತದೆ, ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಬೇಕು, ಒಬ್ಬರ ಟವೆಲ್ ಇನ್ನೊಬ್ಬರು ಮುಟ್ಟಬಾರದು. ತೂಕ ಇಳಿಸುವ ಚಟ ಕುಸ್ತಿಯಲ್ಲೂ ಇದೆ, ಅದನ್ನು ಕೋಚ್ ಹತ್ತಿರ ಮೊದಲ ದಿನವೇ ಮಾತಾಡಿ. “ನನ್ನ ಮಗ ಅವನ ಸಹಜ ತೂಕದಲ್ಲೇ ಆಡಬೇಕು” ಅಂತ ನೇರವಾಗಿ ಹೇಳಿ.

ಎಂಎಂಎ ಕ್ಲಾಸಿಗೇ ಹೋಗ್ತೀನಿ ಅಂತ ಹಟ ಹಿಡಿದರೆ, ದುಡ್ಡು ಕಟ್ಟುವ ಮೊದಲು ನೀವೇ ಹೋಗಿ ಒಂದು ಗಂಟೆ ಕೂತು ನೋಡಿ. ನೆಲಕ್ಕೆ ದಪ್ಪ ಮ್ಯಾಟ್ ಇದೆಯಾ? ಮಕ್ಕಳಿಗೂ ದೊಡ್ಡವರಿಗೂ ಬೇರೆ ಬೇರೆ ಹೊತ್ತಾ? ಹೊಸಬರಿಗೆ ಮೊದಲು ಟ್ಯಾಪ್ ಕಲಿಸ್ತಾರಾ? ಯಾರಾದರೂ ತಟ್ಟಿದಾಗ ಕೋಚ್ ಹೀಯಾಳಿಸಿದರೆ, ಅಥವಾ 15ರ ಹುಡುಗರ ಕೈಲಿ ತಲೆಗೆ ಗುದ್ದಿಸಿದರೆ, ಅಲ್ಲಿಂದಲೇ ವಾಪಸ್ ಬನ್ನಿ. ಫೋಟೋ, ಮೆಡಲ್, ಗೋಡೆ ಮೇಲಿನ ಬೆಲ್ಟ್ ನೋಡಿ ತೀರ್ಮಾನ ಮಾಡಬೇಡಿ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಅಂಥದೇ ಒಂದು ಜಾಗದಲ್ಲಿ ಮೂರನೇ ದಿನವೇ ದೊಡ್ಡವನೊಬ್ಬನ ಜೊತೆ ಇಳಿದು ಮೊಣಕೈ ಕೀಲು ತಪ್ಪಿಸಿಕೊಂಡಿದ್ದ. ತಟ್ಟಿದ್ದನಂತೆ. ಎದುರಿನವನಿಗೆ ಅದು ಏನೆಂದೇ ಗೊತ್ತಿರಲಿಲ್ಲ.

ಪರೀಕ್ಷೆಯ ವರ್ಷ ಅಂತ ನೀವು ಹಿಂಜರಿಯಬಹುದು. ವಾರಕ್ಕೆ ಮೂರು ಬೆಳಿಗ್ಗೆ ಒಂದೊಂದು ಗಂಟೆ ಸಾಕು. ಬೆಳಿಗ್ಗೆ ಐದೂವರೆಗೆ ಏಳಬೇಕಾದವನು ರಾತ್ರಿ ಹನ್ನೊಂದಕ್ಕೆ ಟಿವಿ ಮುಂದೆ ಕೂರೋದು ಎಷ್ಟು ದಿನ ನಡೆದೀತು?

ಮನೆಯಲ್ಲಿ ಮಾತ್ರ ಇವತ್ತಿನಿಂದಲೇ ಒಂದು ಕಟ್ಟು ಹಾಕಿ. ಯಾರ ಕತ್ತನ್ನೂ ಯಾರೂ ಮುಟ್ಟೋ ಹಾಗಿಲ್ಲ, ತಮಾಷೆಗೂ ಇಲ್ಲ. ಆಮೇಲೆ ದೊಡ್ಡವನಿಗೇ ಒಂದು ಕೆಲಸ ಕೊಡಿ: ತಮ್ಮನಿಗೆ ತಟ್ಟೋದು ಹೇಗೆ, ಯಾವಾಗ ಅಂತ ಅವನೇ ಕಲಿಸಲಿ. ತಮ್ಮ ತಟ್ಟಿದ ಕ್ಷಣ ಕೈ ಹಿಡಿದಿದ್ದರೂ ಸರಿ, ಭುಜ ಹಿಡಿದಿದ್ದರೂ ಸರಿ, ಬಿಡಬೇಕು. ಊಟಕ್ಕೆ ಕೂತಾಗ ತಟ್ಟಿದರೂ ಬಿಡಬೇಕು. ಚಿಕ್ಕವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ದೊಡ್ಡವನನ್ನೂ ಕರ್ಕೊಂಡು ಹೋಗಿ. ಕತ್ತಿನ ಮೇಲೆ ಬೆರಳಿಟ್ಟು ಆ ನಾಳ ಎಲ್ಲಿ ಬಡಿಯುತ್ತದೆ ಅಂತ ತೋರಿಸಲು ಡಾಕ್ಟರಿಗೇ ಹೇಳಿ. ನಾಳೆಯೇ ಹೋಗಿ.